ರಕ್ತ ಕಡಿಮೆಯಾಗಿದೆ ಎಂದರೆ ಸಾಲದು, ಏಕೆ ಎಂದು ಕೇಳಿ

“ಯಾಕೋ ಸುಸ್ತು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಯಾವ ಕೆಲಸಕ್ಕೂ ಮನಸ್ಸಿಲ್ಲ” ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ ಹಿರಿಯರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, “ಬಿಳಿಚಿಕೊಂಡಿದ್ದೀಯ, ರಕ್ತ ಕಡಿಮೆಯಾಗಿದೆ” ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಅನೇಕ ವೇಳೆ ಆ ತೀರ್ಪು ಸರಿಯಾಗಿಯೇ ಇರುತ್ತದೆ. ತೊಂದರೆ ಇರುವುದು ಆಮೇಲೆ. ಔಷಧದ ಅಂಗಡಿಯಿಂದ ಒಂದು ಬಾಟಲಿ ಟಾನಿಕ್ ಬರುತ್ತದೆ, ವಾರಕ್ಕೆ ಮೂರು ಸಲ ಬೀಟ್‌ರೂಟ್ ಪಲ್ಯ ಆಗುತ್ತದೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ರಕ್ತ ಏಕೆ ಕಡಿಮೆಯಾಯಿತು ಎಂದು ಯಾರೂ ಕೇಳುವುದಿಲ್ಲ.

ಜ್ವರ ಹೇಗೆ ಒಂದು ಕಾಯಿಲೆಯಲ್ಲವೋ, ಹತ್ತಾರು ಕಾಯಿಲೆಗಳ ಲಕ್ಷಣವೋ, ರಕ್ತಹೀನತೆಯೂ ಹಾಗೆಯೇ. ಮಲೇರಿಯಾ ಜ್ವರಕ್ಕೂ ಟೈಫಾಯಿಡ್ ಜ್ವರಕ್ಕೂ ಒಂದೇ ಔಷಧ ಕೊಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ರಕ್ತಹೀನತೆ ಎಂದೊಡನೆ ಎಲ್ಲರಿಗೂ ಅದೇ ಕಬ್ಬಿಣದ ಟಾನಿಕ್. ಇದರಿಂದ ಆಗುವ ಅನಾಹುತಗಳನ್ನು ತಿಳಿಯಬೇಕಾದರೆ ಮೊದಲು ಕೆಂಪು ರಕ್ತಕಣದ ಪರಿಚಯ ಮಾಡಿಕೊಳ್ಳಬೇಕು.

ನೂರಿಪ್ಪತ್ತು ದಿನಗಳ ಬಾಳು

ಹಾಲೆಂಡಿನ ಲೇವನ್‌ಹುಕ್ ಎಂಬ ಬಟ್ಟೆ ವ್ಯಾಪಾರಿ ತಾನೇ ಉಜ್ಜಿ ತಯಾರಿಸಿದ ಮಸೂರದಡಿ ರಕ್ತವನ್ನಿಟ್ಟು 1674ರಲ್ಲಿ ಈ ಕಣಗಳನ್ನು ವರ್ಣಿಸಿದ. ನಡುವೆ ಎರಡೂ ಕಡೆಯಿಂದ ಬೆರಳಿನಲ್ಲಿ ಒತ್ತಿದ, ಆದರೆ ತೂತು ಬೀಳದ ವಡೆಯನ್ನು ನೆನೆಸಿಕೊಳ್ಳಿ, ಕೆಂಪು ಕಣದ ಆಕಾರ ಅದೇ. ಗಾತ್ರ ಮಾತ್ರ ತೀರ ಚಿಕ್ಕದು. ಒಂದು ಮಿಲಿಮೀಟರ್ ಉದ್ದದಲ್ಲಿ 130ಕ್ಕೂ ಹೆಚ್ಚು ಕಣಗಳನ್ನು ಸಾಲಾಗಿ ಜೋಡಿಸಬಹುದು. ಸೂಜಿಯ ತುದಿಯಷ್ಟು, ಅಂದರೆ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 50 ಲಕ್ಷ ಕಣಗಳಿರುತ್ತವೆ.

ದೇಹದ ಇತರ ಜೀವಕೋಶಗಳಲ್ಲಿರುವ ಕೋಶಕೇಂದ್ರ ಇದರಲ್ಲಿ ಇಲ್ಲ. ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟಿ ಬೆಳೆಯುವಾಗಲೇ ಅದನ್ನು ಹೊರಹಾಕಿಬಿಡುತ್ತದೆ. ಆ ಜಾಗವನ್ನೂ ಹಿಮೋಗ್ಲೋಬಿನ್ ತುಂಬಿಕೊಳ್ಳುತ್ತದೆ. ಒಂದು ಕಣದೊಳಗೆ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು. ಒಂದೊಂದು ಅಣುವಿನಲ್ಲೂ ನಾಲ್ಕು ಕಬ್ಬಿಣದ ಪರಮಾಣುಗಳಿದ್ದು, ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿದುಕೊಳ್ಳುವುದು, ಬೆರಳ ತುದಿಯಿಂದ ಮಿದುಳಿನವರೆಗೆ ಬೇಕಾದೆಡೆ ಬಿಟ್ಟುಕೊಡುವುದು ಇವೇ. ತನಗಿಂತ ಇಕ್ಕಟ್ಟಾದ ಸೂಕ್ಷ್ಮ ರಕ್ತನಾಳದಲ್ಲೂ ಕಣ ಮಡಿಚಿಕೊಂಡು ನುಸುಳಿ ಹೋಗುತ್ತದೆ. ಹೀಗೆ ಸುಮಾರು 120 ದಿನ ಓಡಾಡಿ, ಮುಪ್ಪಾಗಿ, ಗುಲ್ಮ ಮತ್ತು ಯಕೃತ್ತಿನಲ್ಲಿ ಒಡೆದುಹೋಗುತ್ತದೆ. ಪ್ರತಿ ಸೆಕೆಂಡಿಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಕಣಗಳು ಸಾಯುತ್ತವೆ, ಅಷ್ಟೇ ಕಣಗಳು ಹುಟ್ಟುತ್ತವೆ.

ದೇಹ ಇಲ್ಲಿ ತೋರಿಸುವ ಜಿಪುಣತನ ನೋಡಿ. ಒಡೆದ ಕಣದಲ್ಲಿದ್ದ ಬಣ್ಣವನ್ನು ಪಿತ್ತದ ಮೂಲಕ ಹೊರಹಾಕುತ್ತದೆ. ಕಬ್ಬಿಣವನ್ನು ಮಾತ್ರ ಬಿಡುವುದಿಲ್ಲ, ಹೊಸ ಕಣ ತಯಾರಿಸಲು ಮಜ್ಜೆಗೆ ವಾಪಸು ಕಳಿಸುತ್ತದೆ. ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಹೀಗೆ ಮರುಬಳಕೆಯಾಗುತ್ತದೆ. ಆಹಾರದಿಂದ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ. ವಯಸ್ಕರ ಇಡೀ ದೇಹದಲ್ಲಿರುವ ಕಬ್ಬಿಣ ಮೂರು ನಾಲ್ಕು ಗ್ರಾಂ, ಒಂದು ಸಣ್ಣ ಮೊಳೆಯಷ್ಟು. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ದೇಹಕ್ಕೆ ಗೊತ್ತಿಲ್ಲ ಎಂಬುದನ್ನು ಇಲ್ಲೇ ಗುರುತಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

‘ರಕ್ತಹೀನತೆ’ ಎಂಬ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ. ದೇಹದಲ್ಲಿರುವ ಐದು ಲೀಟರ್ ರಕ್ತ ಸಾಮಾನ್ಯವಾಗಿ ಐದು ಲೀಟರೇ ಇರುತ್ತದೆ. ಅದರಲ್ಲಿನ ಹಿಮೋಗ್ಲೋಬಿನ್ ತಗ್ಗಿರುತ್ತದೆ. 100 ಮಿ.ಲೀ. ರಕ್ತದಲ್ಲಿ ಗಂಡಸರಿಗೆ 13 ಗ್ರಾಂ, ಹೆಂಗಸರಿಗೆ 12 ಗ್ರಾಂ, ಗರ್ಭಿಣಿಯರಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. ಕೆರೆಯಲ್ಲಿ ನೀರು ತಗ್ಗಿದರೆ ಊರಿನವರು ಏನು ನೋಡುತ್ತಾರೆ? ಕಾಲುವೆಯಿಂದ ನೀರು ಬರುತ್ತಿಲ್ಲವೋ, ತೂಬು ಸೋರುತ್ತಿದೆಯೋ ಎಂದು ತಾನೆ? ರಕ್ತದಲ್ಲೂ ಅಷ್ಟೇ. ಕಣಗಳ ಉತ್ಪಾದನೆ ತಗ್ಗಿರಬಹುದು, ಎಲ್ಲೋ ರಕ್ತ ಸೋರಿಹೋಗುತ್ತಿರಬಹುದು, ಇಲ್ಲವೇ ಕಣಗಳು 120 ದಿನ ಬಾಳದೆ ಮೊದಲೇ ಒಡೆಯುತ್ತಿರಬಹುದು.

ಕಬ್ಬಿಣದ ಕೊರತೆ

ನಮ್ಮಲ್ಲಿ ಅತಿ ಹೆಚ್ಚಾಗಿ ಕಾಣುವುದು ಇದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67, ಗಂಡಸರಲ್ಲಿ ಶೇ. 25 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದ ಹೆಂಗಸರಲ್ಲಿ ಈ ಪ್ರಮಾಣ ಸುಮಾರು ಶೇ. 48. ಎಲ್ಲವೂ ಕಬ್ಬಿಣದ ಕೊರತೆಯಿಂದ ಆದದ್ದಲ್ಲ. 2016-18ರಲ್ಲಿ ಮಕ್ಕಳ ಮತ್ತು ಹದಿಹರೆಯದವರ ರಕ್ತವನ್ನು ದೇಶದಾದ್ಯಂತ ಪರೀಕ್ಷಿಸಿದಾಗ ಬೇರೆ ಕಾರಣಗಳ ರಕ್ತಹೀನತೆಯೂ ಧಾರಾಳವಾಗಿ ಕಂಡುಬಂತು. ಆದರೂ ಮೊದಲು ಅನುಮಾನಿಸಬೇಕಾದದ್ದು ಕಬ್ಬಿಣವನ್ನೇ.

ಹೆಂಗಸರಲ್ಲಿ ಏಕೆ ಹೆಚ್ಚು ಎಂಬುದಕ್ಕೆ ಲೆಕ್ಕ ಸರಳ. ತಿಂಗಳು ತಿಂಗಳು ಮುಟ್ಟಿನಲ್ಲಿ ರಕ್ತ ಹೋಗುತ್ತದೆ. ಒಂದು ಬಸಿರು ಮತ್ತು ಹೆರಿಗೆಗೆ ಸುಮಾರು ಒಂದು ಗ್ರಾಂ ಕಬ್ಬಿಣ ಬೇಕು. ದೇಹದಲ್ಲಿರುವುದೇ ಮೂರು ಗ್ರಾಂ ಎಂಬುದನ್ನು ನೆನೆಸಿಕೊಂಡರೆ, ಒಂದೂವರೆ ವರ್ಷದ ಅಂತರದಲ್ಲಿ ಎರಡು ಮಕ್ಕಳನ್ನು ಹೆತ್ತ ತಾಯಿಯ ಗತಿ ಊಹಿಸಬಹುದು. ಇಷ್ಟರ ಮೇಲೆ ಅನೇಕ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಕೊನೆಯಲ್ಲಿ ತಳ ಕೆರೆದುಕೊಂಡು ಊಟ ಮಾಡುವವಳೂ ಅವಳೇ. ಮುಟ್ಟಿನ ಸ್ರಾವ ಏಳು ದಿನಕ್ಕೂ ಹೆಚ್ಚು ನಿಲ್ಲದಿದ್ದರೆ, ಗಡ್ಡೆ ಗಡ್ಡೆಯಾಗಿ ಹೋದರೆ “ಹೆಂಗಸರಿಗೆ ಇದೆಲ್ಲ ಇದ್ದದ್ದೇ” ಎಂದು ಸುಮ್ಮನಿರಬೇಡಿ. ಆ ಸ್ರಾವಕ್ಕೆ ಚಿಕಿತ್ಸೆಯಾಗದೆ ಎಷ್ಟು ಟಾನಿಕ್ ಕುಡಿದರೂ ತೂತು ಕೊಡಕ್ಕೆ ನೀರು ಹೊಯ್ದಂತೆ.

ಕೆಲವು ವಿಚಿತ್ರ ಲಕ್ಷಣಗಳೂ ಉಂಟು. ಹಸಿ ಅಕ್ಕಿ ಮುಕ್ಕುವುದು, ಬಳಪ, ಇದ್ದಿಲು, ಮಣ್ಣು ತಿನ್ನುವುದು ಇವೆಲ್ಲ ಕಬ್ಬಿಣದ ಕೊರತೆಯಲ್ಲಿ ಕಾಣುವ ಆಸೆಗಳು. ಮಗು ಮಣ್ಣು ತಿಂದದ್ದಕ್ಕೆ ಹೊಡೆಯುವ ಬದಲು ಅದರ ರಕ್ತ ಪರೀಕ್ಷೆ ಮಾಡಿಸುವುದು ಮೇಲು. ನಾಲಿಗೆ ನುಣುಪಾಗಿ ಉರಿಯುವುದು, ಉಗುರು ಚಮಚದಂತೆ ಗುಳಿ ಬೀಳುವುದು, ಕೂದಲು ಉದುರುವುದು, ಓದಿದ್ದು ತಲೆಗೆ ಹತ್ತದಿರುವುದು ಇವೂ ಇರಬಹುದು.

ಇನ್ನೊಂದು ತಪ್ಪು ತಿಳಿವಳಿಕೆ ಹಾಲಿನದು. “ನಮ್ಮ ಮಗು ಊಟ ಮಾಡದಿದ್ದರೂ ದಿನಕ್ಕೆ ಒಂದು ಲೀಟರ್ ಹಾಲು ಕುಡಿಯುತ್ತದೆ” ಎಂದು ತಾಯಂದಿರು ಹೆಮ್ಮೆಯಿಂದ ಹೇಳುತ್ತಾರೆ. ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಹೊಟ್ಟೆ ತುಂಬ ಹಾಲು ಕುಡಿದ ಮಗುವಿಗೆ ರಾಗಿಸರಿ, ಬೇಳೆಕಟ್ಟು, ಸೊಪ್ಪು ಇಳಿಯುವುದಿಲ್ಲ. ದುಂಡಗೆ ಬೆಳ್ಳಗೆ ಕಾಣುವ ಇಂಥ ಮಕ್ಕಳ ಬಿಳುಪು ಎಷ್ಟೋ ಸಲ ಮೈಬಣ್ಣವಲ್ಲ, ರಕ್ತಹೀನತೆ! ಆರು ತಿಂಗಳು ತುಂಬಿದ ಕೂಡಲೇ ಎದೆಹಾಲಿನ ಜತೆಗೆ ಮೆದುವಾದ ಊಟ ಶುರುಮಾಡಲೇಬೇಕು.

ಬರಿಗಾಲಲ್ಲಿ ಹೊಲ, ತೋಟಗಳಲ್ಲಿ ಓಡಾಡುವವರಿಗೆ ಕೊಕ್ಕೆಹುಳುವಿನ ಕಾಟ. ಬಯಲಲ್ಲಿ ಮಲವಿಸರ್ಜನೆ ಮಾಡಿದ ಮಣ್ಣಿನಿಂದ ಇದರ ಮರಿ ಅಂಗಾಲಿನ ಚರ್ಮವನ್ನು ಕೊರೆದು ಒಳಹೊಕ್ಕು, ಕರುಳಿಗೆ ಸೇರಿ ಅಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತದೆ. ದೊಡ್ಡ ಜಾತಿಯ ನೂರು ಹುಳುಗಳಿದ್ದರೆ ದಿನಕ್ಕೆ 15-20 ಮಿ.ಲೀ. ರಕ್ತ ಅವುಗಳ ಪಾಲು. ಶಾಲೆ ಮತ್ತು ಅಂಗನವಾಡಿಗಳಲ್ಲಿ 2015ರಿಂದ ಜಂತುಹುಳು ನಿವಾರಣಾ ದಿನ ನಡೆಸಿ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಿರುವುದು ಇದಕ್ಕಾಗಿಯೇ. ಆ ದಿನ ಮಗುವನ್ನು ಶಾಲೆ ತಪ್ಪಿಸಬೇಡಿ.

ಐವತ್ತು ದಾಟಿದ ಗಂಡಸಿಗೆ

ಇದಿಷ್ಟನ್ನು ಮನೆಯ ಗಂಡಸರು ಗಮನವಿಟ್ಟು ಓದಬೇಕು. ಐವತ್ತು ದಾಟಿದ ಗಂಡಸಿಗೂ ಮುಟ್ಟು ನಿಂತ ಹೆಂಗಸಿಗೂ ತಿಂಗಳ ಸ್ರಾವದ ಖರ್ಚಿಲ್ಲ. ಎರಡು ಹೊತ್ತು ಸರಿಯಾಗಿ ಉಣ್ಣುವ ಇಂಥವರಿಗೆ ಕಬ್ಬಿಣದ ಕೊರತೆ ಸುಮ್ಮನೆ ಬರುವುದಿಲ್ಲ. ಎಲ್ಲೋ ರಕ್ತ ಸೋರುತ್ತಿದೆ ಎಂದೇ ತಿಳಿಯಬೇಕು. ಮೂಲವ್ಯಾಧಿ ಇರಬಹುದು, ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗಿದ ಮಾತ್ರೆಗಳಿಂದ ಜಠರದಲ್ಲಿ ಹುಣ್ಣಾಗಿರಬಹುದು, ಜಠರದ ಅಥವಾ ದೊಡ್ಡ ಕರುಳಿನ ಕ್ಯಾನ್ಸರೂ ಇರಬಹುದು. ದಿನಕ್ಕೆ ಒಂದು ಚಮಚದಷ್ಟು ರಕ್ತ ಹೋದರೆ ಮಲದಲ್ಲಿ ಕಣ್ಣಿಗೆ ಕಾಣುವುದಿಲ್ಲ, ನೋವೂ ಇರುವುದಿಲ್ಲ.

ಇಂಥವರು ಟಾನಿಕ್ ಕುಡಿದರೆ ಏನಾಗುತ್ತದೆ? ಹಿಮೋಗ್ಲೋಬಿನ್ ಒಂದಿಷ್ಟು ಏರುತ್ತದೆ, ಸುಸ್ತು ಕಡಿಮೆಯಾಗುತ್ತದೆ, “ಈಗ ಪರವಾಗಿಲ್ಲ” ಎನಿಸುತ್ತದೆ. ಒಳಗಿನ ಗಡ್ಡೆ ಮಾತ್ರ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ. ಆರಂಭದಲ್ಲೇ ಪತ್ತೆಯಾದರೆ ಶಸ್ತ್ರಚಿಕಿತ್ಸೆಯಿಂದ ಪೂರ್ತಿ ಗುಣವಾಗಬಹುದಾದ ಕರುಳಿನ ಕ್ಯಾನ್ಸರ್ ವರ್ಷ ಕಳೆದ ಮೇಲೆ ಬೇರೆಯೇ ಕಥೆಯಾಗುತ್ತದೆ. ಆದ್ದರಿಂದ ಈ ವಯಸ್ಸಿನವರಲ್ಲಿ ಕಬ್ಬಿಣದ ಕೊರತೆ ಕಂಡರೆ ಮಲಪರೀಕ್ಷೆ, ಜಠರ ಮತ್ತು ಕರುಳಿನ ಎಂಡೋಸ್ಕೋಪಿ ಬೇಕೇ ಎಂದು ವೈದ್ಯರನ್ನು ನೀವೇ ಕೇಳಿ.

ಮಾತ್ರೆ ಮತ್ತು ತಟ್ಟೆ

ಬೀಟ್‌ರೂಟಿನ ಬಣ್ಣಕ್ಕೂ ರಕ್ತದ ಬಣ್ಣಕ್ಕೂ ಸಂಬಂಧವಿಲ್ಲ. ಅದರಲ್ಲಿರುವ ಕಬ್ಬಿಣ ಅತ್ಯಲ್ಪ. ಅದಕ್ಕಿಂತ ಹಿತ್ತಿಲಿನ ಹರಿವೆ ಸೊಪ್ಪು, ನುಗ್ಗೆ ಸೊಪ್ಪು, ಹುರುಳಿ, ರಾಗಿ, ಕಡಲೆ, ಎಳ್ಳು ಮೇಲು. ಮಾಂಸ, ಮೀನು, ಈಲಿ ತಿನ್ನುವವರಿಗೆ ಕಬ್ಬಿಣ ಇನ್ನೂ ಸುಲಭವಾಗಿ ದಕ್ಕುತ್ತದೆ. ಕಾಳು, ಸೊಪ್ಪಿನ ಕಬ್ಬಿಣ ಸುಲಭವಾಗಿ ಹೀರಿಕೆಯಾಗುವುದಿಲ್ಲ. ಅದಕ್ಕೆ ನಿಂಬೆಹುಳಿ, ನೆಲ್ಲಿಕಾಯಿ, ಸೀಬೆಹಣ್ಣಿನಂಥ ‘ಸಿ’ ಜೀವಸತ್ವದ ನೆರವು ಬೇಕು. ಮೊಳಕೆ ಬರಿಸಿದ ರಾಗಿ, ಹೆಸರುಕಾಳಿನಿಂದ ಹೆಚ್ಚು ಕಬ್ಬಿಣ ಸಿಗುತ್ತದೆ. ಊಟದ ಹಿಂದೆಯೇ ಕಾಫಿ, ಚಹಾ ಕುಡಿಯುವ ಅಭ್ಯಾಸ ಮಾತ್ರ ತಿಂದದ್ದನ್ನು ವ್ಯರ್ಥ ಮಾಡುತ್ತದೆ. ಒಂದು ಗಂಟೆಯಾದರೂ ಅಂತರವಿರಲಿ. ಅಜ್ಜಿಯ ಕಾಲದ ಕಬ್ಬಿಣದ ಬಾಣಲೆ ಅಟ್ಟದಲ್ಲಿದ್ದರೆ ಕೆಳಗಿಳಿಸಿ. ಹುಳಿ ಹಾಕಿದ ಪಲ್ಯ, ಗೊಜ್ಜು ಅದರಲ್ಲಿ ಮಾಡಿದರೆ ಸ್ವಲ್ಪ ಕಬ್ಬಿಣ ಊಟಕ್ಕೆ ಇಳಿಯುತ್ತದೆ.

ಆದರೆ ಹಿಮೋಗ್ಲೋಬಿನ್ ಎಂಟೋ ಒಂಬತ್ತೋ ಇದ್ದಾಗ ಊಟ ಒಂದರಿಂದಲೇ ಮೇಲೇರುತ್ತದೆಂದು ನಂಬಬೇಡಿ. ಮಾತ್ರೆ ಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗರ್ಭಿಣಿಯರಿಗೆ ಉಚಿತವಾಗಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಇರುತ್ತವೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ತೆಗೆದುಕೊಳ್ಳಬೇಕು. ಹದಿಹರೆಯದವರಿಗೆ ವಾರಕ್ಕೊಂದು ನೀಲಿ ಮಾತ್ರೆ. ಬಣ್ಣದ ಪೆಟ್ಟಿಗೆಯ ದುಬಾರಿ ಟಾನಿಕ್ ಇದಕ್ಕಿಂತ ಹೆಚ್ಚೇನೂ ಮಾಡುವುದಿಲ್ಲ.

ಮಾತ್ರೆ ತೆಗೆದುಕೊಂಡಾಗ ಮಲ ಕಪ್ಪಾಗುತ್ತದೆ, ಹೆದರಬೇಕಿಲ್ಲ. ವಾಕರಿಕೆ, ಮಲಬದ್ಧತೆ ಆದರೆ ನಿಲ್ಲಿಸಿಬಿಡುವ ಬದಲು ರಾತ್ರಿ ಊಟವಾದ ಮೇಲೆ ತೆಗೆದುಕೊಂಡು ನೋಡಿ. ಕ್ಯಾಲ್ಸಿಯಂ ಮಾತ್ರೆಯ ಜತೆಗೆ ನುಂಗಬೇಡಿ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಮೂರು ತಿಂಗಳು ಮುಂದುವರಿಸಿದರೆ ಮಾತ್ರ ದೇಹದ ದಾಸ್ತಾನು ತುಂಬುತ್ತದೆ. ಮತ್ತೊಂದು ಎಚ್ಚರಿಕೆ: ಮಿಠಾಯಿಯಂತೆ ಹೊಳೆಯುವ ಈ ಮಾತ್ರೆಗಳನ್ನು ಪುಟ್ಟ ಮಗು ಹತ್ತಿಪ್ಪತ್ತು ನುಂಗಿದರೆ ಪ್ರಾಣಕ್ಕೇ ಅಪಾಯ. ಎತ್ತರದಲ್ಲಿಡಿ.

ಸರಿಯಾಗಿ ಮಾತ್ರೆ ತೆಗೆದುಕೊಂಡರೆ ತಿಂಗಳಲ್ಲಿ ಹಿಮೋಗ್ಲೋಬಿನ್ ಒಂದು ಗ್ರಾಂನಷ್ಟಾದರೂ ಏರಬೇಕು. ಏರಲಿಲ್ಲವೇ? ಆಗ ಬ್ರಾಂಡ್ ಬದಲಾಯಿಸುವುದಲ್ಲ, ಕಾರಣವನ್ನು ಮತ್ತೆ ಹುಡುಕಬೇಕು.

ಮುಂಬಯಿಯ ಗಿರಣಿ ಹೆಂಗಸರು

ಕಣಗಳು ಚಿಕ್ಕದಾಗುವ ಬದಲು ದೊಡ್ಡದಾಗುವ ರಕ್ತಹೀನತೆಯೂ ಇದೆ. ಇದರ ಕಾರಣ ಪತ್ತೆಯಾದ ಕಥೆಯ ಒಂದು ಭಾಗ ನಮ್ಮ ದೇಶದಲ್ಲೇ ನಡೆದದ್ದು. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದಾಗ ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಗರ್ಭಿಣಿಯರು ತೀವ್ರ ರಕ್ತಹೀನತೆಯಿಂದ ಸಾಯುತ್ತಿದ್ದರು. ಸೋಂಕಿರಬಹುದೆಂದು ಹುಡುಕಿದರೆ ಸೋಂಕು ಸಿಗಲಿಲ್ಲ. ಅವರ ಊಟವನ್ನು ಪರಿಶೀಲಿಸಿದರು. ಸೊಪ್ಪು, ಹಣ್ಣು, ಹಾಲು ಕಡಿಮೆ. ಅಂಥದೇ ಆಹಾರ ಕೊಟ್ಟ ಮಂಗವೊಂದಕ್ಕೆ ಬ್ರೆಡ್ಡಿಗೆ ಸವರುವ ಅಗ್ಗದ ಈಸ್ಟ್ ಸಾರವನ್ನು ತಿನ್ನಿಸಿದಾಗ ಅದು ಚೇತರಿಸಿಕೊಂಡಿತು. ಗರ್ಭಿಣಿಯರಿಗೆ ಕೊಟ್ಟಾಗಲೂ ಅದೇ ಫಲ. 1931ರಲ್ಲಿ ಇದನ್ನು ಪ್ರಕಟಿಸಿದರು. ಆ ಸಾರದಲ್ಲಿದ್ದ ವಸ್ತು ಫೋಲಿಕ್ ಆಮ್ಲ ಎಂದು ಗೊತ್ತಾದದ್ದು ಮುಂದಿನ ದಶಕದಲ್ಲಿ. ಇಂದು ಪ್ರತಿ ಗರ್ಭಿಣಿಯ ಕೈಗೆ ಬರುವ ಕೆಂಪು ಮಾತ್ರೆಯಲ್ಲಿ ಆ ಗಿರಣಿ ಹೆಂಗಸರ ಋಣ ಇದೆ.

ಫೋಲಿಕ್ ಆಮ್ಲದ ಜೋಡಿ ಬಿ12 ಜೀವಸತ್ವ. ಇದು ಸಸ್ಯಗಳಲ್ಲಿ ಇಲ್ಲ. ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿದೆ. ಶುದ್ಧ ಸಸ್ಯಾಹಾರಿಗಳಲ್ಲಿ, ಅದರಲ್ಲೂ ಮಜ್ಜಿಗೆಯನ್ನು ನೀರಿನಂತೆ ಮಾಡಿ ಕುಡಿಯುವವರಲ್ಲಿ, ಮತ್ತು ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದರ ಕೊರತೆ ಕಾಣುತ್ತದೆ. ಸುಸ್ತಿನ ಜತೆ ಪಾದಗಳಲ್ಲಿ ಜುಮುಗುಟ್ಟುವುದು, ಕತ್ತಲಲ್ಲಿ ನಡೆದರೆ ತೂರಾಡುವುದು, ಮರೆವು ಇದ್ದರೆ ಬಿ12 ಪರೀಕ್ಷೆ ಮಾಡಿಸಬೇಕು. ಬಿ12 ಕೊರತೆ ಇರುವವರಿಗೆ ಬರೀ ಫೋಲಿಕ್ ಆಮ್ಲ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ನರಗಳ ಹಾನಿ ಮಾತ್ರ ಮುಂದುವರಿಯುತ್ತದೆ.

ಮೂತ್ರಪಿಂಡ ಸೊರಗಿದವರಲ್ಲೂ ರಕ್ತ ತಗ್ಗುತ್ತದೆ. ಮಜ್ಜೆಗೆ “ಕಣ ತಯಾರಿಸು” ಎಂದು ಹೇಳಿಕಳಿಸುವ ಎರಿಥ್ರೋಪೊಯಿಟಿನ್ ಹಾರ್ಮೋನು ತಯಾರಾಗುವುದು ಮೂತ್ರಪಿಂಡದಲ್ಲೇ. ಹಳೆಯ ಸಕ್ಕರೆ ಕಾಯಿಲೆಯವರು ಇದನ್ನು ನೆನಪಿಡಬೇಕು. ಮಜ್ಜೆಯೇ ಒಣಗಿಹೋಗುವ ಕಾಯಿಲೆಗಳೂ ಇವೆ. ಅವು ಅಪರೂಪ.

ಮದುವೆಗೆ ಮುಂಚೆ ನೋಡಬೇಕಾದ ರಕ್ತ

ಈಗ ಟಾನಿಕ್ಕಿಗೆ ಜಗ್ಗದ ಒಂದು ಗುಂಪಿಗೆ ಬರೋಣ. ಹುಡುಗಿಯೊಬ್ಬಳ ಹಿಮೋಗ್ಲೋಬಿನ್ ಸದಾ ಹತ್ತು, ಹತ್ತೂವರೆ. ಕಣಗಳು ಚಿಕ್ಕವು. ಕಬ್ಬಿಣದ ಕೊರತೆಯೆಂದು ವರ್ಷಗಟ್ಟಲೆ ಮಾತ್ರೆ ನುಂಗಿದರೂ ಅಷ್ಟೇ. ಇವಳು ಥಲಸ್ಸೀಮಿಯಾ ವಾಹಕಳಾಗಿರಬಹುದು. ಹಿಮೋಗ್ಲೋಬಿನ್ ತಯಾರಿಸುವ ವಂಶವಾಹಿಗಳ ಜೋಡಿಯಲ್ಲಿ ಒಂದು ದೋಷಯುಕ್ತ, ಇನ್ನೊಂದು ಸರಿಯಾದದ್ದು. ಅವಳಿಗೆ ಕಾಯಿಲೆಯಿಲ್ಲ, ಸಾಮಾನ್ಯ ಆಯುಷ್ಯ ಬಾಳುತ್ತಾಳೆ. ಕಬ್ಬಿಣವನ್ನು ಹೊರಹಾಕಲು ದೇಹಕ್ಕೆ ದಾರಿಯಿಲ್ಲ ಎಂದು ಮೊದಲೇ ಹೇಳಿದೆನಲ್ಲ, ಅದಕ್ಕೇ ಕೊರತೆಯಿದೆಯೇ ಎಂದು ಫೆರಿಟಿನ್ ಪರೀಕ್ಷೆ ಮಾಡಿ ನೋಡದೆ ಇಂಥವರಿಗೆ ವರ್ಷಗಟ್ಟಲೆ ಕಬ್ಬಿಣ ತುಂಬುವುದು ಸರಿಯಲ್ಲ.

ನಿಜವಾದ ಆತಂಕ ಇರುವುದು ವಾಹಕ ಗಂಡು, ವಾಹಕ ಹೆಣ್ಣು ಮದುವೆಯಾದಾಗ. ಆಗ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದರಂತೆ ಮಗುವಿಗೆ ಎರಡೂ ದೋಷಯುಕ್ತ ವಂಶವಾಹಿಗಳು ಸೇರುವ ಸಂಭವವಿದೆ. ಅದೇ ಥಲಸ್ಸೀಮಿಯಾ ಮೇಜರ್. ಹುಟ್ಟಿದಾಗ ಚೆನ್ನಾಗಿಯೇ ಇರುವ ಮಗು ಆರು ತಿಂಗಳು, ವರ್ಷದೊಳಗೆ ಬಿಳಿಚಿಕೊಂಡು ಸೊರಗುತ್ತದೆ, ಗುಲ್ಮ ಊದಿ ಹೊಟ್ಟೆ ದಪ್ಪವಾಗುತ್ತದೆ. ಆಮೇಲೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಪಡೆಯುತ್ತಲೇ ಬಾಳಬೇಕು. ಪಡೆದ ರಕ್ತದ ಕಬ್ಬಿಣ ಹೃದಯ, ಯಕೃತ್ತುಗಳಲ್ಲಿ ಶೇಖರವಾಗದಂತೆ ಅದನ್ನು ಹೊರತೆಗೆಯುವ ಔಷಧ ದಿನವೂ ಬೇಕು. ಹೊಂದುವ ಮಜ್ಜೆ ಸಿಕ್ಕರೆ ಮಜ್ಜೆಯ ಕಸಿಯಿಂದ ಗುಣಪಡಿಸಬಹುದು. ಆದರೆ ಆ ಖರ್ಚು ಎಲ್ಲರಿಗೂ ನಿಲುಕುವಂಥದಲ್ಲ. ಭಾರತದಲ್ಲಿ ವರ್ಷಕ್ಕೆ ಸುಮಾರು ಹತ್ತು ಸಾವಿರ ಮಕ್ಕಳು ಹೀಗೆ ಹುಟ್ಟುತ್ತಾರೆಂದು ಅಂದಾಜು.

ವಾಹಕರನ್ನು ಗುರುತಿಸುವುದು ಕಷ್ಟವೇನಲ್ಲ. ಸಾಮಾನ್ಯ ರಕ್ತ ಪರೀಕ್ಷೆಯಲ್ಲೇ ಸುಳಿವು ಸಿಗುತ್ತದೆ: ಕಣಗಳ ಗಾತ್ರ ತೀರ ಚಿಕ್ಕದು, ಎಣಿಕೆ ಮಾತ್ರ ಹೆಚ್ಚು. ಆಗ ಹಿಮೋಗ್ಲೋಬಿನ್ ಎ2 ಎಂಬ ಪರೀಕ್ಷೆ ಮಾಡಿದರೆ ಖಚಿತವಾಗುತ್ತದೆ. ಜೀವಮಾನದಲ್ಲಿ ಒಂದೇ ಸಲ ಮಾಡಿಸಿದರೆ ಸಾಕು. ಸಿಂಧಿ, ಪಂಜಾಬಿ, ಗುಜರಾತಿ, ಬಂಗಾಳಿ ಸಮುದಾಯಗಳಲ್ಲಿ ವಾಹಕರು ಹೆಚ್ಚಾದರೂ ಬೇರೆಯವರಲ್ಲಿ ಇಲ್ಲವೆಂದಲ್ಲ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ಕಡೆಯ ಮನೆಗಳಲ್ಲಿ ಅಜ್ಜನಿಂದ ಬಂದ ದೋಷಯುಕ್ತ ವಂಶವಾಹಿ ಗಂಡು ಹೆಣ್ಣು ಇಬ್ಬರಲ್ಲೂ ಇರುವ ಸಂಭವ ಹೆಚ್ಚು. ಜಾತಕ ತೋರಿಸುವ ಮನೆಯವರು ಈ ವರದಿಯನ್ನೂ ಪಕ್ಕದಲ್ಲಿಟ್ಟು ನೋಡಲಿ. ಒಬ್ಬರು ವಾಹಕರು, ಇನ್ನೊಬ್ಬರು ಅಲ್ಲವೆಂದಾದರೆ ಮದುವೆಗೆ ಯಾವ ಅಡ್ಡಿಯೂ ಇಲ್ಲ. ವಾಹಕ ಹುಡುಗಿಯನ್ನು ರೋಗಿಷ್ಠೆಯೆಂದು ತಿರಸ್ಕರಿಸುವುದು ಶುದ್ಧ ಅಜ್ಞಾನ. ಮದುವೆ ಆಗಿಹೋಗಿದ್ದರೆ ಬಸಿರಿನ ಮೊದಲ ಭೇಟಿಯಲ್ಲೇ ಪರೀಕ್ಷೆ ಮಾಡಿಸಿ. ಇಬ್ಬರೂ ವಾಹಕರಾಗಿದ್ದರೆ ಭ್ರೂಣದ ಪರೀಕ್ಷೆಗೆ ಸಮಯವಿರುತ್ತದೆ.

ಕುಡುಗೋಲಿನಂತೆ ಬಾಗುವ ಕಣ

1910ರಲ್ಲಿ ಷಿಕಾಗೋದ ಹೆರಿಕ್ ಎಂಬ ವೈದ್ಯರು ವೆಸ್ಟ್ ಇಂಡೀಸಿನಿಂದ ಬಂದಿದ್ದ ವಿದ್ಯಾರ್ಥಿಯೊಬ್ಬನ ರಕ್ತದಲ್ಲಿ ಕುಡುಗೋಲಿನ ಆಕಾರದ ಕಣಗಳನ್ನು ಕಂಡು ವರದಿ ಮಾಡಿದರು. ಹಿಮೋಗ್ಲೋಬಿನ್ನಿನ ಸರಪಳಿಯಲ್ಲಿ ಒಂದೇ ಒಂದು ಕೊಂಡಿ ಬದಲಾದದ್ದರಿಂದ ಆಗುವ ರೋಗ ಇದು. ಆಮ್ಲಜನಕ ಬಿಟ್ಟುಕೊಟ್ಟ ಕೂಡಲೇ ಹಿಮೋಗ್ಲೋಬಿನ್ ಕಡ್ಡಿಗಟ್ಟಿ ಕಣ ಬಾಗುತ್ತದೆ, ಗಡುಸಾಗುತ್ತದೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ದಾರಿ ಮುಚ್ಚುತ್ತದೆ. ಕೈಕಾಲು, ಬೆನ್ನು, ಎದೆಯಲ್ಲಿ ಸಹಿಸಲಾರದ ನೋವು. ಇದನ್ನು ಸಂಧಿವಾತವೆಂದೋ, ಕೆಲಸಗಳ್ಳತನವೆಂದೋ ತಿಳಿದು ಮಕ್ಕಳನ್ನು ಗದರಿಸಿದ ಮನೆಗಳೆಷ್ಟೋ!

1952ರಲ್ಲಿ ನೀಲಗಿರಿಯ ಬೆಟ್ಟದ ಜನರಲ್ಲಿ ಇದು ಪತ್ತೆಯಾಯಿತು. ನಮ್ಮ ಚಾಮರಾಜನಗರ, ಮೈಸೂರು ಜಿಲ್ಲೆಗಳ ಕಾಡಂಚಿನ ಸೋಲಿಗರು, ಜೇನುಕುರುಬರಲ್ಲೂ ಇದೆ. ಮಲೇರಿಯಾ ಇದ್ದ ಕಾಡುಗಳಲ್ಲೇ ಇದು ಏಕೆ ಉಳಿಯಿತು? ಒಂದು ವಂಶವಾಹಿ ಮಾತ್ರ ಇರುವ ವಾಹಕನಿಗೆ ತೀವ್ರ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. ಅಜ್ಜನನ್ನು ಕಾಪಾಡಿದ ಗುಣವೇ ಎರಡು ಸೇರಿದಾಗ ಮೊಮ್ಮಗನನ್ನು ನರಳಿಸುತ್ತದೆ.

2023ರ ಜುಲೈ ಒಂದರಂದು ಕೇಂದ್ರ ಸರಕಾರ ಕುಡುಗೋಲು ಕಣ ರೋಗ ನಿರ್ಮೂಲನ ಅಭಿಯಾನವನ್ನು ಆರಂಭಿಸಿತು. ಬುಡಕಟ್ಟು ಪ್ರದೇಶಗಳ 40 ವರ್ಷದೊಳಗಿನ ಏಳು ಕೋಟಿ ಜನರನ್ನು ಪರೀಕ್ಷಿಸುವ ಗುರಿ. ಪರೀಕ್ಷೆ ಮಾಡಿ ಕಾರ್ಡು ಕೊಟ್ಟರೆ ಸಾಲದು. ಹೈಡ್ರಾಕ್ಸಿಯೂರಿಯಾ ಮಾತ್ರೆ ನೋವಿನ ಸರದಿಗಳನ್ನು ತಗ್ಗಿಸುತ್ತದೆ, ಅದು ಕಾಡಿನ ಹಾಡಿಗೆ ತಿಂಗಳು ತಿಂಗಳೂ ತಲುಪುವಂತಿರಬೇಕು. ಮಗುವಿಗೆ ಲಸಿಕೆಗಳು ತಪ್ಪಬಾರದು, ನೀರು ಹೆಚ್ಚು ಕುಡಿಸಬೇಕು, ಚಳಿಗೆ ಒಡ್ಡಬಾರದು. ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ವಂಶವಾಹಿಯನ್ನೇ ತಿದ್ದುವ ಚಿಕಿತ್ಸೆಗೆ 2023ರ ಕೊನೆಯಲ್ಲಿ ಬ್ರಿಟನ್, ಅಮೆರಿಕಗಳಲ್ಲಿ ಒಪ್ಪಿಗೆ ಸಿಕ್ಕಿದೆ. ಅಮೆರಿಕದಲ್ಲಿ ಅದರ ಬೆಲೆ ಇಪ್ಪತ್ತು ಲಕ್ಷ ಡಾಲರಿಗೂ ಮೇಲೆ, ಸದ್ಯಕ್ಕೆ ಸೋಲಿಗರ ಹಾಡಿಗೆ ಅದು ದೂರದ ಮಾತು. ಥಲಸ್ಸೀಮಿಯಾ ಮತ್ತು ಈ ರೋಗ ಇರುವವರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸ್ಥಾನವಿದೆ, ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು.

ನುಸಿಗುಳಿಗೆ ಮತ್ತು ಬಾಣಂತಿಯ ಕೋಣೆ

ಕೆಂಪು ಕಣವನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವ ಕೆಲವರಲ್ಲಿ, ಹೆಚ್ಚಾಗಿ ಗಂಡುಮಕ್ಕಳಲ್ಲಿ ಕಡಿಮೆಯಿರುತ್ತದೆ. ಎಲ್ಲ ಸರಿಯಾಗಿದ್ದಾಗ ಇವರಿಗೆ ಏನೂ ಗೊತ್ತಾಗುವುದಿಲ್ಲ. ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್, ಕೆಲವು ಸಲ್ಫಾ ಔಷಧಗಳು ಹೊಟ್ಟೆಗೆ ಹೋದರೆ ಕಣಗಳು ಒಮ್ಮೆಲೇ ಒಡೆದು ಕಾಮಾಲೆಯಾಗುತ್ತದೆ, ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಹಾಗಾದರೆ ಔಷಧ ನಿಲ್ಲಿಸಿ ಕೂಡಲೇ ವೈದ್ಯರಲ್ಲಿಗೆ ಹೋಗಿ. ನುಸಿಗುಳಿಗೆಯ ವಾಸನೆಗೂ ಹೀಗಾಗಬಹುದು. ಮೊದಲ ಮಗುವಿನ ಅಂಗಿ, ಕುಲಾವಿಗಳನ್ನು ನುಸಿಗುಳಿಗೆ ಹಾಕಿ ಪೆಟ್ಟಿಗೆಯಲ್ಲಿಟ್ಟು, ಎರಡನೆಯದಕ್ಕೆ ಹಾಗೇ ತೆಗೆದು ತೊಡಿಸುವುದು ನಮ್ಮಲ್ಲಿ ರೂಢಿ. ಬಾಣಂತಿಯ ಕೋಣೆಗೆ ನುಸಿಗುಳಿಗೆ ಬೇಡವೇ ಬೇಡ.

ತಾಯಿಯ ರಕ್ತ ಆರ್‌ಎಚ್ ನೆಗೆಟಿವ್, ಮಗುವಿನದು ಪಾಸಿಟಿವ್ ಆದಾಗಲೂ ಮುಂದಿನ ಮಗುವಿನ ಕಣಗಳು ಗರ್ಭದಲ್ಲೇ ಒಡೆಯಬಹುದು. ಹೆರಿಗೆಯಾದ 72 ಗಂಟೆಯೊಳಗೆ, ಗರ್ಭಪಾತವಾದರೂ ಸಹ, ತಾಯಿಗೆ ಆಂಟಿ-ಡಿ ಚುಚ್ಚುಮದ್ದು ಕೊಡಿಸಬೇಕು.

ಕಣಗಳು ಅತಿಯಾದರೂ ತೊಂದರೆಯೇ. ಹಿಮೋಗ್ಲೋಬಿನ್ 17, 18 ಬಂದರೆ “ನನಗೆ ಒಳ್ಳೆಯ ರಕ್ತ” ಎಂದು ಬೀಗಬೇಡಿ. ರಕ್ತ ಮಂದವಾಗಿ ಹೆಪ್ಪುಗಟ್ಟಿದರೆ ಲಕ್ವ, ಹೃದಯಾಘಾತದ ಭಯವಿದೆ. ಬೀಡಿ ಸಿಗರೇಟು, ಶ್ವಾಸಕೋಶದ ಕಾಯಿಲೆ ಕಾರಣವಿರಬಹುದು, ಮಜ್ಜೆಯ ಕಾಯಿಲೆಯೂ ಇರಬಹುದು. ಬಿಸಿನೀರು ಸ್ನಾನವಾದ ಮೇಲೆ ಮೈಯೆಲ್ಲ ತುರಿಸುವುದು ಈ ಕಾಯಿಲೆಯ ಒಂದು ವಿಚಿತ್ರ ಸುಳಿವು. ಇದಕ್ಕೆ ಆಗಾಗ ರಕ್ತ ತೆಗೆಯುವುದೇ ಚಿಕಿತ್ಸೆ!

ರಕ್ತ ಪರೀಕ್ಷೆಯ ವರದಿ ಕೈಗೆ ಬಂದಾಗ ಹಿಮೋಗ್ಲೋಬಿನ್ ಅಂಕಿಯೊಂದನ್ನೇ ನೋಡಿ ಮಡಿಸಿಡಬೇಡಿ. ‘ಎಂ.ಸಿ.ವಿ.’ ಎಂಬ ಸಾಲು ಕಣದ ಸರಾಸರಿ ಗಾತ್ರವನ್ನು ಹೇಳುತ್ತದೆ. 80ಕ್ಕಿಂತ ಕಡಿಮೆಯಿದ್ದರೆ ಕಣ ಚಿಕ್ಕದು, ಕಬ್ಬಿಣದ ಕೊರತೆ ಅಥವಾ ಥಲಸ್ಸೀಮಿಯಾ ಕಡೆಗೆ ಕೈ ತೋರಿಸುತ್ತದೆ. 100ಕ್ಕಿಂತ ಹೆಚ್ಚಿದ್ದರೆ ಬಿ12, ಫೋಲಿಕ್ ಆಮ್ಲವನ್ನು ಅನುಮಾನಿಸಬೇಕು. ಕುಳಿತಲ್ಲೇ ಉಬ್ಬಸ, ಎದೆನೋವು, ಕಬ್ಬಿಣದ ಮಾತ್ರೆ ತೆಗೆದುಕೊಳ್ಳದಿದ್ದರೂ ಡಾಂಬರಿನಂತೆ ಕಪ್ಪು ಮಲ, ಗರ್ಭಿಣಿಗೆ ಏಳು ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್ ಇವು ನಾಳೆಗೆ ಮುಂದೂಡುವ ವಿಷಯಗಳಲ್ಲ.

“ಡಾಕ್ಟ್ರೇ, ಒಂದು ಬಾಟಲಿ ರಕ್ತ ಏರಿಸಿಬಿಡಿ” ಎಂದು ಕೇಳುವವರೂ ಇದ್ದಾರೆ. ವಯಸ್ಕರಲ್ಲಿ ಒಂದು ಬಾಟಲಿಯಿಂದ ಏರುವುದು ಸುಮಾರು ಒಂದು ಗ್ರಾಂ ಮಾತ್ರ. ತುರ್ತಿದ್ದಾಗ ಅದು ಜೀವ ಉಳಿಸುತ್ತದೆ, ಅನುಮಾನವಿಲ್ಲ. ಆದರೆ ರಕ್ತ ಏರಿಸುವ ಮೊದಲು ಪರೀಕ್ಷೆಗೆ ಬೇಕಾದ ರಕ್ತವನ್ನು ತೆಗೆದಿಟ್ಟಿದ್ದಾರೆಯೇ ಎಂದು ವಿಚಾರಿಸಿ. ಬೇರೆಯವರ ಕಣಗಳು ಒಮ್ಮೆ ಬೆರೆತರೆ ಹಿಮೋಗ್ಲೋಬಿನ್ ಎ2ನಂಥ ಪರೀಕ್ಷೆಯ ಫಲಿತಾಂಶ ಮೂರು ತಿಂಗಳವರೆಗೆ ನಂಬಲರ್ಹವಾಗಿರುವುದಿಲ್ಲ.